ನೂರು ಕಿಲೋದ ನಾನು ಮತ್ತು ಕೆಂಪು ಸೀಲು

ಈ ವೇದಿಕೆಯ ಮೇಲೆ ಕೈ ಮುರಿಯದೆ ಉಳಿದಿರುವ ಏಕೈಕ ಕುರ್ಚಿಯನ್ನು ಅಲಂಕರಿಸಿರುವ ಮಾನ್ಯ ಅಧ್ಯಕ್ಷರೇ, ಅವರ ಎಡಬಲಗಳಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಧೈರ್ಯವಾಗಿ ಕುಳಿತಿರುವ ಗೌರವಾನ್ವಿತ ಅತಿಥಿಗಳೇ, ಜೋಡಣೆ ವಿಭಾಗದ ನನ್ನ ಸೇನೆಯೇ, ಪರೀಕ್ಷಾ ವಿಭಾಗದ ಎದುರು ಪಾಳೆಯವೇ, ಈ ವರ್ಷ ಹೊಸದಾಗಿ ತರಬೇತಿಗೆ ಸೇರಿದ ಮಕ್ಕಳೇ, ಊಟದ ಸಾಲಿಗೆ ಹತ್ತಿರವಾಗಲೆಂದು ಹಿಂದಿನ ಬಾಗಿಲ ಪಕ್ಕದಲ್ಲೇ ಜಾಗ ಹಿಡಿದಿರುವ ಜಾಣ ಸಭಿಕರೇ!

ಮೊದಲಿಗೆ ಈ ಮೈಕನ್ನು ಆಚೆ ಸರಿಸುತ್ತೇನೆ. ಮೈಕಿಗೂ ನನಗೂ ಆಗಿಬರುವುದಿಲ್ಲ. ನಾನು ಹುಟ್ಟಿದ್ದು ನಾಟಕ ಮಂಡಳಿಯ ಡೇರೆಯಲ್ಲಿ. ಹುಟ್ಟಿದಾಗ ನಾನು ಅತ್ತ ಅಳು ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಿಸಿತಂತೆ. ಕೇಳಿಸಿದ್ದಷ್ಟೇ ಅಲ್ಲ, ಆತ ಒನ್ಸ್ ಮೋರ್ ಅಂದನಂತೆ!

ಕಾರ್ಯಕ್ರಮದ ಪಟ್ಟಿಯಲ್ಲಿ ನನಗೆ ಎರಡು ಕೆಲಸ ಕೊಟ್ಟಿದ್ದಾರೆ. ಒಂದು, ಕೈಗಾರಿಕೆಯ ತೂಕದ ಯಂತ್ರಗಳ ತಾಂತ್ರಿಕ ಪದಗಳನ್ನು ಹೊಸ ಮಕ್ಕಳಿಗೆ ಪರಿಚಯಿಸುವುದು. ಇನ್ನೊಂದು, ನಮ್ಮ ಪರೀಕ್ಷಾ ವಿಭಾಗದ ಮುಖ್ಯಸ್ಥೆಗೆ ಬೀಳ್ಕೊಡುಗೆಯ ನಾಲ್ಕು ಮಾತು ಹೇಳುವುದು. ಅವರು ನಾಳೆ ನಮ್ಮ ಹೊಸ ಕಾರ್ಖಾನೆಯ ಪೂರ್ತಿ ಉಸ್ತುವಾರಿ ವಹಿಸಿಕೊಳ್ಳಲು ಹೊರಡುತ್ತಿದ್ದಾರೆ. ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತೇನೆ. ಆದರೆ ಉಸಿರು ಎಷ್ಟು ದೊಡ್ಡದೆಂದು ಯಾರೂ ಕೇಳಬಾರದು.

ಒಂದು ಸಣ್ಣ ತೊಡಕಿದೆ. ಹೊಸ ಮಕ್ಕಳನ್ನು ಬಿಟ್ಟರೆ ಇಲ್ಲಿರುವ ಎಲ್ಲರಿಗೂ ಅದು ಗೊತ್ತು. ನಾನು ಆ ಮಹಿಳೆಯೊಡನೆ ಮಾತನಾಡುವುದಿಲ್ಲ! ಪ್ರತಿಜ್ಞೆ ಮಾಡಿದ್ದೇನೆ. ಜೋಡಣೆ ಶೆಡ್ಡಿನ ನಡುವೆ, ಕ್ರೇನಿನ ಕೆಳಗೆ, ಬಲಗೈ ಎತ್ತಿ, ಎಲ್ಲರೆದುರು ಮಾಡಿದ್ದೇನೆ. ನನ್ನ ಯಂತ್ರಗಳ ಮೇಲೆ ಅವರು ಒತ್ತಿದ ಕೆಂಪು ಸೀಲನ್ನು ಹಿಂತೆಗೆದುಕೊಳ್ಳುವವರೆಗೆ ಅವರೊಡನೆ ಒಂದಕ್ಷರವನ್ನೂ ಆಡುವುದಿಲ್ಲ ಎಂದು. ಅವರು ಹಿಂತೆಗೆದುಕೊಂಡಿಲ್ಲ. ನಾನೂ ಆಡಿಲ್ಲ. ಇಂದು ಅವರ ಕೊನೆಯ ದಿನ, ಮಾತಿನ ಸರದಿ ನನ್ನದು! ಈ ಏರ್ಪಾಡು ಮಾಡಿದ ಕಿಡಿಗೇಡಿ ಯಾರೆಂದು ನನಗೆ ಗೊತ್ತು. ಅಧ್ಯಕ್ಷರೇ, ತಾವು ನಗುತ್ತಿರುವುದು ನನಗೆ ಬೆನ್ನಿನಿಂದಲೇ ಕೇಳಿಸುತ್ತಿದೆ.

ಇರಲಿ. ನಾನು ನಿಮ್ಮೊಡನೆ ಮಾತನಾಡುತ್ತೇನೆ. ಮುಂದಿನ ಸಾಲಿನಲ್ಲಿ ಕುಳಿತ ಅವರಿಗೆ ಕೇಳಿಸಿದರೆ ಅದು ಅವರ ಕಿವಿಯ ಹೊಣೆ.

ಮಕ್ಕಳೇ, ಲೋಡ್ ಸೆಲ್ ಎಂದರೇನು? ಅಂಗೈಯಷ್ಟು ಉದ್ದದ ಒಂದು ಲೋಹದ ತುಂಡು. ಅದರ ಮೈಗೆ ಕೂದಲಿಗಿಂತ ತೆಳುವಾದ ತಂತಿಯ ಪಟ್ಟಿಯನ್ನು ಅಂಟಿಸಿರುತ್ತೇವೆ. ಮೇಲೆ ಭಾರ ಬಿದ್ದರೆ ಲೋಹ ಬಾಗುತ್ತದೆ. ನಿಮ್ಮ ಕಣ್ಣಿಗೆ ಕಾಣುತ್ತದೆಯೇ? ಇಲ್ಲ! ನನ್ನ ಕಣ್ಣಿಗೆ? ಇಲ್ಲ! ಆದರೆ ತಂತಿಗೆ ತಿಳಿಯುತ್ತದೆ. ತಂತಿ ಹೋಗಿ ಇಂಡಿಕೇಟರಿನ ಕಿವಿಯಲ್ಲಿ ಊದುತ್ತದೆ. ಇಂಡಿಕೇಟರ್ ಅದನ್ನು ಅಂಕಿಯಾಗಿ ಊರಿಗೆಲ್ಲ ಸಾರುತ್ತದೆ. ನಮ್ಮ ಮನೆಯಲ್ಲೂ ಇದೇ ವ್ಯವಸ್ಥೆ. ನನ್ನ ಮುಖ ಬಾಗಿದ್ದು ನನ್ನ ಹೆಂಡತಿಗೆ ತಿಳಿಯುತ್ತದೆ, ಅವಳು ಅವಳ ಅಕ್ಕನಿಗೆ ಊದುತ್ತಾಳೆ, ಮುಂದಿನದನ್ನು ಹೇಳಬೇಕಾಗಿಲ್ಲ.

ಇನ್ನು ಟೇರ್. ಡಬ್ಬಿಯ ಭಾರವನ್ನು ಕಳೆದು ಒಳಗಿನ ಸರಕನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು. ಕ್ರೀಪ್ ಎಂದರೆ ತೆವಳು. ಇಟ್ಟ ಭಾರ ಇಟ್ಟಂತೆಯೇ ಇದೆ, ಯಾರೂ ಮುಟ್ಟಿಲ್ಲ, ಆದರೂ ಅಂಕಿ ಮೆಲ್ಲಗೆ ತೆವಳುತ್ತಾ ಹೋಗುತ್ತದೆ. ನಮ್ಮ ಸಂಬಳದ ಚರ್ಚೆಗಳ ಹಾಗಲ್ಲ, ಅವು ತೆವಳುವುದೂ ಇಲ್ಲ. ಡ್ರಿಫ್ಟ್ ಎಂದರೆ ಬಿಸಿಲು, ಚಳಿ, ವಯಸ್ಸು ಇವುಗಳಿಂದ ಅಂಕಿ ತನ್ನ ಜಾಗ ಬಿಟ್ಟು ಅಲೆಯುವುದು. ಏರಿಸುವಾಗ ಒಂದು ಅಂಕಿ, ಇಳಿಸುವಾಗ ಇನ್ನೊಂದು ಅಂಕಿ ತೋರಿಸಿದರೆ ಅದು ಹಿಸ್ಟರಿಸಿಸ್. ಈ ಪದವನ್ನು ತಡವರಿಸದೆ ಹೇಳಲು ಬಂದ ದಿನವೇ ನನ್ನನ್ನು ಫೋರ್‌ಮನ್ ಮಾಡಿದರು. ತೂಗುವ ಹಲಗೆಯ ಒಂದು ಮೂಲೆಯಲ್ಲಿ ನಿಂತರೆ ಒಂದು ತೂಕ, ಎದುರು ಮೂಲೆಯಲ್ಲಿ ನಿಂತರೆ ಮತ್ತೊಂದು ತೂಕ ಬಂದರೆ ಅದು ಕಾರ್ನರ್ ದೋಷ. ನೋಡಿದಿರಾ ಮಕ್ಕಳೇ, ತಕ್ಕಡಿಯ ತಪ್ಪಿಗೆ ನಮ್ಮಲ್ಲಿ ಎಷ್ಟೊಂದು ಹೆಸರು! ಒಂದೊಂದು ತಪ್ಪಿಗೂ ನಾಮಕರಣ ಮಾಡಿ ತೊಟ್ಟಿಲಿಗೆ ಹಾಕಿದ್ದೇವೆ.

ಈಗ ನನ್ನ ಹೆಸರಿಗೆ ಬರೋಣ. ಈ ಕಾರ್ಖಾನೆಯಲ್ಲಿ ನನ್ನನ್ನು ನೂರಣ್ಣ ಎನ್ನುತ್ತಾರೆ. ಯಾಕೆ? ನನ್ನ ತೂಕ ನೂರು ಕಿಲೋ. ಒಂದು ಗುಟುಕು ನೀರಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಯೌವನದಲ್ಲಿ ಏರಿದ್ದು ಅಲ್ಲಿಗೆ ನಿಂತಿತು. ಹೊಸ ಯಂತ್ರ ತಯಾರಾದಾಗ ಅದಕ್ಕೆ ತೂಕ ಕಲಿಸಬೇಕು. ಗೊತ್ತಿರುವ ಭಾರವೊಂದನ್ನು ಇಟ್ಟು, ‘ನೋಡಪ್ಪಾ, ಇದು ನೂರು’ ಎಂದು ಒಳಗಿನ ಲೆಕ್ಕ ಹೊಂದಿಸಬೇಕು. ನಿಯಮದ ಪ್ರಕಾರ ಸರ್ಕಾರಿ ಮುದ್ರೆಯ ಕಬ್ಬಿಣದ ತೂಕದ ಕಲ್ಲುಗಳನ್ನು ತರಬೇಕು, ನಾಲ್ಕೂ ಮೂಲೆಗೆ ಹೊರಬೇಕು, ಬೆನ್ನು ಹಿಡಿದುಕೊಳ್ಳಬೇಕು. ನಮ್ಮ ಶೆಡ್ಡಿನಲ್ಲಿ ಆ ತಾಪತ್ರಯವೇ ಇರಲಿಲ್ಲ! ‘ನೂರಣ್ಣಾ, ಬನ್ನಿ’ ಎಂದರೆ ಸಾಕಿತ್ತು. ನಾನು ಹತ್ತುತ್ತಿದ್ದೆ, ನಾಲ್ಕು ಮೂಲೆಗೆ ನಡೆಯುತ್ತಿದ್ದೆ, ಇಳಿಯುತ್ತಿದ್ದೆ. ತಾನೇ ನಡೆದು ಬರುವ, ತಾನೇ ಊಟ ಮಾಡುವ ತೂಕದ ಕಲ್ಲು ಜಗತ್ತಿನ ಯಾವ ಕಾರ್ಖಾನೆಯಲ್ಲಿದೆ?

ದನ ತೂಗುವ ಯಂತ್ರದ ಪರೀಕ್ಷೆಯಂತೂ ನನ್ನ ರಂಗಪ್ರವೇಶ. ದನ ಸುಮ್ಮನೆ ನಿಲ್ಲುವ ಪ್ರಾಣಿಯಲ್ಲ. ಅದು ಕಾಲು ಕೆದರಿದರೂ, ಬಾಲ ಬೀಸಿದರೂ ಅಂಕಿ ಗಟ್ಟಿಯಾಗಿ ನಿಲ್ಲಬೇಕು. ಅದನ್ನು ಪರೀಕ್ಷಿಸುವುದು ಹೇಗೆ? ನಾನು ಹಲಗೆಯ ಮೇಲೆ ನಿಂತು ಕಾಲು ಅಪ್ಪಳಿಸಿ, ‘ಎಲವೋ ದ್ರೋಹೀ! ಈ ಸಿಂಹಾಸನಕ್ಕೆ ಕೈ ಚಾಚಿದೆಯಾ?’ ಎಂದು ಅಬ್ಬರಿಸುತ್ತಿದ್ದೆ. ಇಡೀ ಶೆಡ್ಡು ಕೆಲಸ ನಿಲ್ಲಿಸಿ ನೋಡುತ್ತಿತ್ತು. ನಮ್ಮ ಫಿಟ್ಟರ್, ಅಲ್ಲಿ ತಲೆ ತಗ್ಗಿಸಿಕೊಂಡು ಕೂತಿದ್ದಾನಲ್ಲ, ಬೋಲ್ಟು ಎನ್ನುತ್ತೇವೆ ಅವನಿಗೆ, ಅವನು ಇಂಡಿಕೇಟರ್ ನೋಡಿ ಕೂಗುತ್ತಿದ್ದ. ‘ಅಲುಗಾಡ್ಲಿಲ್ಲ ಅಣ್ಣಾ! ಯಾವ ದನ ಬೇಕಾದ್ರೂ ಬರ್ಲಿ!’

ಹೀಗೆ ವೈಭವದಿಂದ ನಡೆಯುತ್ತಿದ್ದ ನನ್ನ ಸಾಮ್ರಾಜ್ಯಕ್ಕೆ ಹೋದ ವರ್ಷ ಒಂದು ದಿನ ಪರೀಕ್ಷಾ ವಿಭಾಗದಿಂದ ದಂಡು ಬಂತು. ನಾವು ಕಳಿಸಿದ ಅಷ್ಟೂ ಯಂತ್ರಗಳು ತಳ್ಳುಗಾಡಿಯ ಮೇಲೆ ವಾಪಸ್ಸು! ಒಂದೊಂದರ ಹಣೆಯ ಮೇಲೂ ಕೆಂಪು ಸೀಲು. ‘ತಿರಸ್ಕೃತ’. ಹಿಂದೆ ಅವರೇ, ಮುಖ್ಯಸ್ಥೆ, ಕೈಕಟ್ಟಿಕೊಂಡು.

ನಾನು ಅಂದೆ, ‘ಏನ್ ಮೇಡಂ ಇದು? ಮದುವೆ ಗಂಡುಗಳಿಗೆಲ್ಲ ಮಸಿ ಬಳಿದು ಕಳಿಸಿದ್ದೀರಲ್ಲ?’

‘ನೂರು ಕಿಲೋ ಇಟ್ರೆ ನೂರಹತ್ತರ ಹತ್ರ ತೋರಿಸ್ತಿವೆ. ಎಲ್ಲಾನೂ ಜಾಸ್ತಿನೇ ತೋರಿಸ್ತಿವೆ.’

‘ನಮ್ ಶೆಡ್ಡಿಂದ ಹೊರಡೋವಾಗ ಸರಿಯಾಗೇ ಇದ್ವು. ನಿಮ್ ಕೋಣೇಲಿ ಎಸಿ ಹಾಕ್ಕೊಂಡು ಕೂತಿರ್ತೀರ. ಚಳಿಗೆ ನಡುಗಿರ್ತವೆ ಪಾಪ. ಡ್ರಿಫ್ಟ್ ಅದು!’

ಅವರು ತಮ್ಮ ಕಬ್ಬಿಣದ ಕಲ್ಲುಗಳನ್ನು ನಮ್ಮ ಶೆಡ್ಡಿಗೇ ಹೊರಿಸಿ ತಂದರು. ನಮ್ಮ ಬಿಸಿಯಲ್ಲೇ, ನಮ್ಮ ನೆಲದ ಮೇಲೇ ಇಟ್ಟರು. ಮತ್ತೆ ನೂರಹತ್ತರ ಹತ್ತಿರ.

ನಾನು ಸೋಲುವವನೇ? ‘ಮೇಡಂ, ಈ ಕಲ್ಲುಗಳಿಗೆ ವರ್ಷಾ ವರ್ಷಾ ಬಣ್ಣ ಬಳಿದೂ ಬಳಿದೂ ಅವೇ ದಪ್ಪಗಾಗಿವೆ!’ ಅಂದೆ. ಶೆಡ್ಡೆಲ್ಲ ಗೊಳ್ಳೆಂದಿತು. ಬೋಲ್ಟು ಸ್ಪ್ಯಾನರ್ ಕೆಳಗೆ ಹಾಕಿ ಚಪ್ಪಾಳೆ ತಟ್ಟಿದ. ಅವರು ಮಾತ್ರ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಕಾಲಿನಿಂದ ತಲೆಯವರೆಗೆ, ತಲೆಯಿಂದ ಕಾಲಿನವರೆಗೆ, ಬಟ್ಟೆ ಅಂಗಡಿಯಲ್ಲಿ ಸೀರೆ ನೋಡುವ ಹಾಗೆ.

‘ಕಲ್ಲು ದಪ್ಪಗಾಗಿಲ್ಲ,’ ಅಂದರು. ‘ನೀವು ಸಣ್ಣಗಾಗಿದ್ದೀರಿ.’

ಸಭಿಕರೇ! ನೂರು ಕಿಲೋದ ಗಂಡಸಿಗೆ, ಅವನ ಸೇನೆಯ ಎದುರಿನಲ್ಲಿ ಆಡುವ ಮಾತೇ ಇದು?

ಅವರು ತಮ್ಮ ವಿಭಾಗದ ಯಂತ್ರವನ್ನು ತರಿಸಿದರು. ಮೊದಲು ಬೋಲ್ಟುವನ್ನು ನಿಲ್ಲಿಸಿದರು. ಭಾರ ಅಲುಗಾಡದೆ ನಿಂತಾಗ ಇಂಡಿಕೇಟರಿನಲ್ಲಿ ಒಂದು ಹಸಿರು ದೀಪ ಹತ್ತುತ್ತದೆ, ಮಕ್ಕಳೇ, ನೆನಪಿಟ್ಟುಕೊಳ್ಳಿ. ಬೋಲ್ಟು ನಿಂತ, ದೀಪ ಹತ್ತಿತು. ಆಮೇಲೆ ನಾನು ಎದೆ ಉಬ್ಬಿಸಿ ಹತ್ತಿದೆ. ತೊಂಬತ್ತೊಂದು. ಅದೂ ನಿಲ್ಲದ ತೊಂಬತ್ತೊಂದು! ಅಂಕಿ ಮೇಲೆ ಕೆಳಗೆ ಕುಣಿಯುತ್ತಿದೆ, ದೀಪ ಹತ್ತುತ್ತಿಲ್ಲ. ನಾನು ಉಸಿರು ಬಿಗಿಹಿಡಿದೆ. ಹತ್ತಲಿಲ್ಲ. ಕಣ್ಣು ಮುಚ್ಚಿದೆ. ಹತ್ತಲಿಲ್ಲ. ಸಿಂಹಾಸನದ ಮೇಲೆ ಕೂತ ರಾಜನ ಹಾಗೆ ಕಲ್ಲಾಗಿ ನಿಂತೆ, ಹಾಗೆಂದುಕೊಂಡೆ. ಆ ದರಿದ್ರ ದೀಪ ಹತ್ತಲೇ ಇಲ್ಲ.

ಆಗ ಅವರು ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, ‘ಅಣ್ಣಾ, ಸೀಲಿನ ವಿಷಯ ಬಿಡಿ. ನಿಮ್ಗೆ ಸುಮ್ನೆ ನಿಲ್ಲೋಕೂ ಆಗ್ತಿಲ್ಲ. ಒಂದ್ಸಲ ಡಾಕ್ಟರಿಗೆ ತೋರಿಸ್ಕೊಳ್ಳಿ’ ಅಂದರು.

ಅಷ್ಟು ಮೆಲ್ಲಗೆ ಹೇಳಿದ ಮಾತಿಗೆ ನಾನು ಉತ್ತರ ಕೊಟ್ಟದ್ದು ಹೇಗೆ? ಬಲಗೈ ಎತ್ತಿ, ಕ್ರೇನ್ ಅದುರುವ ಹಾಗೆ! ಪ್ರತಿಜ್ಞೆಯ ಮಾತು ಆಗಲೇ ಹೇಳಿದೆನಲ್ಲ, ಮತ್ತೆ ಹೇಳಿದರೆ ಅಧ್ಯಕ್ಷರು ಗಡಿಯಾರ ನೋಡುತ್ತಾರೆ.

ಈಗ ನೀವು ಕೇಳಬಹುದು. ಅಲ್ಲ ಮಾರಾಯಾ, ತೂಕದ ಯಂತ್ರಗಳ ನಡುವೆಯೇ ದಿನ ಕಳೆಯುವವನಿಗೆ ತನ್ನ ತೂಕ ಇಳಿದದ್ದು ತಿಳಿಯಲಿಲ್ಲವೇ? ಹೇಗೆ ತಿಳಿಯಬೇಕು ಹೇಳಿ! ನಾವು ಯಂತ್ರವನ್ನು ಕೇಳುತ್ತಿರಲಿಲ್ಲ, ಯಂತ್ರಕ್ಕೆ ಹೇಳುತ್ತಿದ್ದೆವು. ನಾನು ಹತ್ತಿದೆನೆಂದರೆ ಅದು ನೂರು. ಮೊದಮೊದಲು ವ್ಯತ್ಯಾಸ ಸ್ವಲ್ಪವೇ ಇತ್ತು, ಪರೀಕ್ಷಾ ವಿಭಾಗದ ಹುಡುಗರು ತಾವೇ ಒಂದು ಸ್ಕ್ರೂ ತಿರುಗಿಸಿ ಸರಿಮಾಡಿಕೊಂಡರು. ನಾನು ಇಳಿಯುತ್ತಾ ಹೋದ ಹಾಗೆ ನಮ್ಮ ಶೆಡ್ಡಿನ ಯಂತ್ರಗಳೂ ನನ್ನ ಮುಲಾಜಿಗೆ ಬಿದ್ದು ಸುಳ್ಳು ಕಲಿಯುತ್ತಾ ಹೋದವು. ಇಂಥ ತಪ್ಪು ಅಕ್ಕಸಾಲಿಗನ ಅಂಗಡಿಯಲ್ಲಿ ನಡೆಯುವುದಿಲ್ಲ, ತರಕಾರಿ ಅಂಗಡಿಯಲ್ಲಿ ನಡೆಯುವುದಿಲ್ಲ. ನಮ್ಮಂಥ ಪರಿಣತರಲ್ಲಿ ಮಾತ್ರ ನಡೆಯುತ್ತದೆ!

ಮನೆಯಲ್ಲಿ ಹೆಂಡತಿ ಗೊಣಗುತ್ತಲೇ ಇದ್ದಳು. ‘ಏನ್ರೀ, ಅನ್ನದ ಪಾತ್ರೆ ದಿನಾ ಖಾಲಿಯಾಗ್ತಿದೆ, ಪ್ಯಾಂಟ್ ಯಾಕೆ ಜಾರ್ತಿದೆ?’ ಅಂತ. ನಾನು ಟೈಲರನ್ನು ಬೈದೆ. ಬೆವರಿದರೆ ಬಿಸಿಲನ್ನು ಬೈದೆ. ಎದೆ ಡವಗುಟ್ಟಿದರೆ ಮೆಟ್ಟಿಲನ್ನು ಬೈದೆ. ನಾನು ಬೈಯದೆ ಉಳಿಸಿದ್ದು ಒಬ್ಬರನ್ನೇ, ಡಾಕ್ಟರನ್ನು. ಯಾಕೆಂದರೆ ಅವರ ಹತ್ತಿರ ಹೋಗಿರಲೇ ಇಲ್ಲ.

ಪ್ರತಿಜ್ಞೆಯ ಮರುದಿನ ಕಾರ್ಖಾನೆಯ ಗೇಟಿನಲ್ಲಿ ಹೆಂಡತಿ ನಿಂತಿದ್ದಳು. ಈ ಮುಖ್ಯಸ್ಥೆ ಅವಳಿಗೆ ಫೋನ್ ಮಾಡಿದ್ದರು! ‘ನಡೀರಿ,’ ಅಂದಳು. ‘ಡ್ಯೂಟಿ ಇದೆ ಕಣೇ’ ಅಂದೆ. ‘ನನಗೂ ಇದೆ’ ಅಂದಳು. ಸೇನಾಪತಿಯನ್ನು ಸೇನೆಯೆದುರೇ ಕೈಹಿಡಿದು ಎಳೆದುಕೊಂಡು ಹೋದಳು. ವಾಚ್‌ಮನ್ ಸೆಲ್ಯೂಟ್ ಹೊಡೆದ. ಅದು ಅವಳಿಗೆ.

ಡಾಕ್ಟರು ನನ್ನ ಎರಡೂ ಕೈ ಮುಂದೆ ಚಾಚಿಸಿ, ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಫ್ಯಾನು ನಿಲ್ಲಿಸಿದ್ದರೂ ಹಾಳೆ ಪಟಪಟ ಎನ್ನುತ್ತಿತ್ತು. ಕುತ್ತಿಗೆ ಮುಟ್ಟಿ ನೋಡಿದರು. ಥೈರಾಯಿಡ್ ಗ್ರಂಥಿ ಕುದುರೆಯ ಹಾಗೆ ಓಡುತ್ತಿದೆ, ತಿಂದದ್ದನ್ನೆಲ್ಲ ಸುಟ್ಟುಹಾಕುತ್ತಿದೆ, ಇನ್ನಷ್ಟು ತಡವಾಗಿದ್ದರೆ ಹೃದಯ ತಾಳುತ್ತಿರಲಿಲ್ಲ ಎಂದರು. ಆಮೇಲೆ ಸಹಜವಾಗಿ ಕೇಳಿದರು. ‘ಇದು ಮನೆತನದಲ್ಲಿ ಬರೋದುಂಟು. ನಿಮ್ಮ ತಂದೆಯವರಿಗೆ ಹೀಗೇನಾದ್ರೂ ಇತ್ತಾ?’

ಇದನ್ನು ಇಲ್ಲಿ ಹೇಳಬೇಕೆಂದು ನಾನು ಬಂದವನಲ್ಲ. ಆದರೆ ಹೇಳುತ್ತೇನೆ.

ನಮ್ಮಪ್ಪ ಮಂಡಳಿಯ ರಾಜಪಾತ್ರಧಾರಿ. ಆನೆಯಂಥ ಆಳು. ಒಂದು ವರ್ಷ ಅಪ್ಪನ ಮೈ ಇಳಿಯತೊಡಗಿತು. ಕಿರೀಟ ಕಿವಿಯವರೆಗೆ ಜಾರುತ್ತಿತ್ತು. ಮಂಡಳಿಯವರಿಗೆ ಅಪ್ಪನೆಂದರೆ ಪ್ರಾಣ. ಕಿರೀಟದೊಳಗೆ ಹತ್ತಿ ತುಂಬಿದರು. ವೇಷ ಕಟ್ಟುವ ಚಿಕ್ಕಪ್ಪ ಹಳೆಯ ಪರದೆಯ ಬಟ್ಟೆಯನ್ನು ಮಡಚಿ ಮಡಚಿ ಎದೆಗೆ, ಹೊಟ್ಟೆಗೆ ಕಟ್ಟಿ ಮೇಲೆ ನಿಲುವಂಗಿ ತೊಡಿಸುತ್ತಿದ್ದ. ‘ಈಗ ನೋಡಣ್ಣಾ, ಮೊದಲಿನ ಹಂಗೇ ಇದ್ದೀಯ’ ಎನ್ನುತ್ತಿದ್ದ. ಕತ್ತಿ ಹಿರಿದು ನಿಂತಾಗ ಅಪ್ಪನ ಕೈ ನಡುಗುತ್ತಿತ್ತು, ದೀಪದ ಬೆಳಕಿನಲ್ಲಿ ಕತ್ತಿಯ ಅಲಗು ಥರಥರ ಹೊಳೆಯುತ್ತಿತ್ತು. ಆಹಾ, ಏನು ರೋಷ, ಏನು ರೋಷ ಎಂದು ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಪರದೆಯ ಪಕ್ಕದಿಂದ ನಾನೂ ಹೊಡೆಯುತ್ತಿದ್ದೆ. ಆ ವರ್ಷದ ಆಟಗಳು ಮುಗಿಯುವ ಮೊದಲೇ ಅಪ್ಪ ಮುಗಿದ.

ಯಾರೂ ಕೆಟ್ಟವರಲ್ಲ. ಎಲ್ಲರೂ ಪ್ರೀತಿಯಿಂದಲೇ ಬಟ್ಟೆ ತುಂಬಿದರು.

ಒಂದು ಲೋಟ ನೀರು ಕೊಡಿ. ಇಲ್ಲ, ಇಲ್ಲ, ಏನೂ ಆಗಿಲ್ಲ. ಕಲಾವಿದ ನೀರು ಕುಡಿಯುವುದೂ ಅಭಿನಯವೇ. ಏ ಬೋಲ್ಟು, ಮೂಗು ಒರೆಸಿಕೋ, ತರಬೇತಿಯ ಮಕ್ಕಳು ನೋಡುತ್ತಿದ್ದಾರೆ.

ಡಾಕ್ಟರು ಮಾತ್ರೆ ಕೊಟ್ಟರು. ವಾರಕ್ಕೊಮ್ಮೆ ತೂಕ ನೋಡಿಕೊಳ್ಳಬೇಕು, ಅದೂ ಒಂದೇ ಯಂತ್ರದಲ್ಲಿ, ನಂಬಿಕೆಯ ಯಂತ್ರದಲ್ಲಿ ಎಂದರು. ನಂಬಿಕೆಯ ಯಂತ್ರ! ನಮ್ಮ ಶೆಡ್ಡಿನವು ಬಿಡಿ, ಅವು ನನ್ನ ಅಭಿಮಾನಿಗಳು. ಊರಿನಲ್ಲಿ ನಾನು ನಂಬುವ ಯಂತ್ರ ಇದ್ದದ್ದು ಒಂದೇ ಕೋಣೆಯಲ್ಲಿ. ಆ ಕೋಣೆಯ ಒಡತಿಯೊಡನೆ ನನಗೆ ಮಾತಿಲ್ಲ.

ಹೋದೆ. ಸೋಮವಾರ ಬೆಳಿಗ್ಗೆ ಬಾಗಿಲು ತಳ್ಳಿಕೊಂಡು ಹೋಗಿ ಯಂತ್ರದ ಮುಂದೆ ಕಂಬದ ಹಾಗೆ ನಿಂತೆ. ಅವರು ತಲೆಯೆತ್ತಲಿಲ್ಲ. ‘ಚಪ್ಪಲಿ ಬಿಡಿ’ ಅಂದರು. ಬಿಟ್ಟೆ. ಹತ್ತಿದೆ. ಅವರು ನೋಡಿದರು, ಒಂದು ಚೀಟಿಯಲ್ಲಿ ಅಂಕಿ ಬರೆದು ಮೇಜಿನ ಅಂಚಿಗೆ ತಳ್ಳಿದರು. ನಾನು ಎತ್ತಿಕೊಂಡು ಬಂದೆ. ಮುಂದಿನ ಸೋಮವಾರವೂ ಹಾಗೇ. ‘ಚಪ್ಪಲಿ ಬಿಡಿ.’ ಮಳೆಯಾದರೂ ಬಿಸಿಲಾದರೂ ಅದೇ ಸಂಭಾಷಣೆ. ಒಂದೇ ಸಾಲಿನ ನಾಟಕ, ಆ ಸಾಲೂ ನನ್ನದಲ್ಲ! ನನ್ನ ಜೀವಮಾನದಲ್ಲಿ ನಾನು ಮೂಕ ಪಾತ್ರ ಮಾಡಿದ್ದು ಅಲ್ಲೊಂದೇ ಕಡೆ.

ಒಂದು ಸೋಮವಾರ ಹತ್ತಿ ನಿಂತೆ. ಅವರು ಚೀಟಿ ಬರೆಯಲಿಲ್ಲ. ನಾನು ಕಾದೆ. ಅವರು ಎದ್ದು, ತಮ್ಮ ಕಡೆಗಿದ್ದ ಇಂಡಿಕೇಟರನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನನ್ನ ಕಡೆ ತಿರುಗಿಸಿದರು. ಹಸಿರು ದೀಪ ಹತ್ತಿತ್ತು.

ಅಂದು ಹೇಳಬೇಕಿತ್ತು. ಆದರೆ ಅಷ್ಟು ಜೋರಾಗಿ ಮಾಡಿದ ಪ್ರತಿಜ್ಞೆಯನ್ನು ಮುರಿಯಲು ಅದಕ್ಕಿಂತ ಜೋರಾದ ಮಾತೊಂದು ಬೇಕಲ್ಲ, ಅದನ್ನು ಎಲ್ಲಿಂದ ತರಲಿ? ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಮುಂದಿನ ವಾರ ಹೇಳೋಣ ಎಂದುಕೊಂಡೆ. ಅದರ ಮುಂದಿನ ವಾರ ಎಂದುಕೊಂಡೆ. ಅಷ್ಟರಲ್ಲಿ ಅವರ ವರ್ಗಾವಣೆಯ ಸುದ್ದಿ ಬಂತು. ಇನ್ನು ಮುಂದಿನ ವಾರವೇ ಇಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ‘ಬೇಗ ಮುಗಿಸಿ’ ಎಂದಲ್ಲ. ‘ಅವರ ಕಡೆ ತಿರುಗಿ’ ಎಂದಿದೆ. ಅಧ್ಯಕ್ಷರೇ, ತಾವು ನಾಟಕ ಮಂಡಳಿಯಲ್ಲಿರಬೇಕಿತ್ತು.

ಸರಿ. ಸಭಿಕರೇ, ತಮಗೆ ಬೆನ್ನು ತೋರಿಸುತ್ತಿಲ್ಲ, ಪಕ್ಕ ಮಾತ್ರ ತೋರಿಸುತ್ತಿದ್ದೇನೆ, ಅನುಮತಿಯಿರಲಿ.

ತಂಗೀ.

ಏಳಬೇಡಮ್ಮ, ಕೂತ್ಕೋ. ನೀನು ಎದ್ದು ನಿಂತರೆ ನನಗೆ ಚಪ್ಪಲಿ ಬಿಡಬೇಕು ಅನ್ಸುತ್ತೆ. ಆ ಕೆಂಪು ಸೀಲು ಇದೆಯಲ್ಲ, ಅದನ್ನು ನೀನು ವಾಪಸ್ ತಗೊಳ್ಳಲಿಲ್ಲ. ತಗೋಬೇಡ. ಯಾವತ್ತೂ ತಗೋಬೇಡ. ನಮ್ಮಪ್ಪನಿಗೆ ಬಟ್ಟೆ ತುಂಬೋರು ಊರು ತುಂಬ ಇದ್ದರು, ಸೀಲು ಒತ್ತೋ ಒಬ್ಬಳು ತಂಗಿ ಇರಲಿಲ್ಲ. ನಾನು ಪುಣ್ಯವಂತ, ನನಗಿದ್ದಳು. ನಿನ್ನಿಂದ ಬದುಕಿದ್ದೀನಿ ಕಣಮ್ಮ. ಹೇಳಬೇಕಾಗಿದ್ದು ಇಷ್ಟೇ. ಇಷ್ಟು ಚಿಕ್ಕದಿದೆ, ನೋಡು.

ಇನ್ನೊಂದು. ನೀನು ಹೋಗೋ ಕಡೆಯಲ್ಲೂ ನನ್ನಂಥ ಒಬ್ಬ ಫೋರ್‌ಮನ್ ಇದ್ದೇ ಇರ್ತಾನೆ. ಕಾಲು ಅಪ್ಪಳಿಸ್ತಾನೆ, ಕೈ ಎತ್ತುತ್ತಾನೆ, ಶೆಡ್ಡು ನಗಿಸ್ತಾನೆ. ಹೆದರಬೇಡ. ಇವತ್ತು ಇಷ್ಟು ಹೊತ್ತು ಕೂಗಿದೆನಲ್ಲ, ಈ ಗಂಟಲು, ಈ ಅಬ್ಬರ, ಇದನ್ನೆಲ್ಲ ಒಟ್ಟು ಮಾಡಿ ನಿನ್ನ ಯಂತ್ರದ ಮೇಲಿಟ್ಟರೂ ಅಂಕಿ ಏಳೋದಿಲ್ಲ. ನೀನು ಅವತ್ತು ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದ್ದೇ ಭಾರ ಇದ್ದದ್ದು.

ಮಕ್ಕಳೇ, ನಾಳೆ ಬೆಳಿಗ್ಗೆ ಶೆಡ್ಡಿಗೆ ಬನ್ನಿ. ಕಬ್ಬಿಣದ ಕಲ್ಲು ಹೊರುವುದು ಹೇಗೆಂದು ಬೋಲ್ಟು ಕಲಿಸುತ್ತಾನೆ. ಬೆನ್ನು ನೋಯುತ್ತದೆ. ನೋಯಲಿ.

ತಾಳ್ಮೆಯಿಂದ ಕೇಳಿದ ತಮಗೂ, ಗಡಿಯಾರ ನೋಡದ ಅಧ್ಯಕ್ಷರಿಗೂ, ಆ ಕಂಬದ ಮರೆಯಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡು, ತಾನು ಅಳುತ್ತಿಲ್ಲ ಎಂದು ಕೈಯಾಡಿಸುತ್ತಿರುವ ನನ್ನ ಹೆಂಡತಿಗೂ, ಎಲ್ಲರಿಗಿಂತ ಮೊದಲು ನನ್ನ ತಂಗಿಗೂ ತುಂಬುಹೃದಯದ ಧನ್ಯವಾದಗಳನ್ನು ಅರ್ಪಿಸಿ, ಈ ಒಂದು ಸಲ ಮೆಲ್ಲಗೆ ಹೇಳುತ್ತೇನೆ.

ನಮಸ್ಕಾರ.